ಮೊದಲ ಸಲ ದೊಡ್ಡ ಫರ್ನಿಚರ್ ಅಂಗಡಿಗೆ ಹೋಗ್ತಿದ್ದೀರಾ? ಟೇಪು ಹಿಡಿದು ಮನೆಯಿಂದ್ಲೇ ಶುರು ಮಾಡಿ

"ಸೋಫಾ ತರೋಣ ಅಂತ ಹೋಗಿದ್ವಿ, ನಾಲ್ಕು ಗಂಟೆ ನಡೆದ್ವಿ, ಮಗು ಅಳೋಕೆ ಶುರು ಮಾಡ್ತು, ಕೊನೆಗೆ ಎರಡು ಕುಶನ್ನು, ಒಂದಿಷ್ಟು ಡಬ್ಬ, ಒಂದು ಗಿಡ ತಗೊಂಡು ವಾಪಸ್ ಬಂದ್ವಿ, ಸೋಫಾ ಮಾತ್ರ ಇಲ್ಲ." ಹೆಚ್ಚೂಕಮ್ಮಿ ಇದೇ ಮಾತನ್ನ ಎಷ್ಟೋ ಜನ ನಂಗೆ ಬರೆದಿದ್ದಾರೆ, ಮನೆ ಕಟ್ಟಿಸಿದವರು, ಹೊಸದಾಗಿ ಮದುವೆ ಆದವರು, ಊರಿಂದ ಬೆಂಗಳೂರಿಗೆ ಬಂದು ಬಾಡಿಗೆ ಮನೆ ಹಿಡಿದವರು, ಎಲ್ರೂ. ಕೇಳೋದೂ ಒಂದೇ ಪ್ರಶ್ನೆ, ಮುಂದಿನ ಸಲ ಹೋಗೋವಾಗ ಏನು ಮಾಡ್ಬೇಕು ಅಂತ. ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಬರೆಯೋ ಬದ್ಲು ಎಲ್ಲಾನೂ ಒಂದೇ ಕಡೆ ಹಾಕ್ತಿದ್ದೀನಿ.

ಸುಸ್ತಾಗೋದಕ್ಕೆ ಕಾರಣ ಏನು ಅಂತ ಮೊದ್ಲು ಹೇಳ್ಬಿಡ್ತೀನಿ. ನಮ್ಮ ಕಡೆ ಮಂಚ, ಬೀರು ಮಾಡಿಸೋದು ಅಂದ್ರೆ ಆಚಾರ್ರು ಮನೆಗೆ ಬರ್ತಿದ್ರು, ಅವರೇ ಟೇಪು ಹಿಡೀತಿದ್ರು, ಬಾಗಿಲಲ್ಲಿ ಹೋಗತ್ತೋ ಇಲ್ವೋ, ಗೋಡೆ ಸೊಟ್ಟ ಇದೆಯೋ, ಸ್ವಿಚ್ ಬೋರ್ಡ್ ಅಡ್ಡ ಬರತ್ತೋ, ಎಲ್ಲಾ ಅವರ ತಲೆನೋವು. ಬೀದಿ ಕೊನೇಲಿರೋ ಫರ್ನಿಚರ್ ಅಂಗಡಿಯವರಾದ್ರೂ ಹುಡುಗರನ್ನ ಕಳಿಸಿ ಮನೆಯೊಳಗೆ ಇಟ್ಟು ಹೋಗ್ತಾರೆ. ದೊಡ್ಡ ಅಂಗಡಿಯಲ್ಲಿ ಆ ಆಚಾರ್ರ ಕೆಲಸ ಪೂರ್ತಿ ನಮ್ಮ ಮೇಲೆ ಬೀಳತ್ತೆ. ಅಳತೆ ನಮ್ದು, ಯಾವ ಮಾಲು ಅಂತ ನೋಡೋದು ನಮ್ದು, ಬಾಕ್ಸ್ ಎತ್ತೋದು ನಮ್ದು, ಜೋಡಿಸೋದೂ ನಮ್ದೇ. ಅದನ್ನ ತಿಳ್ಕೊಂಡು ಹೋದ್ರೆ ಅರ್ಧ ಕಷ್ಟ ಅಲ್ಲೇ ಕಮ್ಮಿ ಆಗತ್ತೆ.

ಬೆಂಗಳೂರಿನವರು ಜಾಸ್ತಿ ಕೇಳೋದು ನಾಗಸಂದ್ರದ ಐಕಿಯಾ ಬಗ್ಗೆ, ಹಾಗಾಗಿ ಅದನ್ನೇ ಉದಾಹರಣೆಗೆ ಇಟ್ಕೊಳ್ತೀನಿ. 2022ರ ಜೂನ್ 22ಕ್ಕೆ ಶುರುವಾಗಿದ್ದು, ಸುಮಾರು 4.6 ಲಕ್ಷ ಚದರ ಅಡಿ. ಅಂದ್ರೆ 30 ಬೈ 40 ಸೈಟು ಗೊತ್ತಲ್ಲ, 1200 ಚದರ ಅಡಿದು, ಅಂಥ 380 ಸೈಟಿನಷ್ಟು ಜಾಗ. ಇಷ್ಟು ಜಾಗದಲ್ಲಿ ಪಟ್ಟಿ ಇಲ್ದೆ ಹೋದ್ರೆ ಯಾರಿಗಾದ್ರೂ ತಲೆ ತಿರುಗತ್ತೆ. ಬೇರೆ ದೊಡ್ಡ ಅಂಗಡಿಗೆ ಹೋಗೋವ್ರಿಗೂ ಕೆಳಗಿನ ಮಾತು ಮುಕ್ಕಾಲು ಪಾಲು ಹಾಗೇ ಅನ್ವಯಿಸತ್ತೆ.

ಬೇಕಾಗೋದು ಇಷ್ಟೇ: 5 ಮೀಟರಿನ ಸ್ಟೀಲ್ ಟೇಪು, ಒಂದು ಸಣ್ಣ ನೋಟ್‌ಬುಕ್, ಪೂರ್ತಿ ಚಾರ್ಜ್ ಆಗಿರೋ ಫೋನು, ಒಂದು ಹಿಡಿ ರಂಗೋಲಿ ಪುಡಿ. ಹೌದು, ರಂಗೋಲಿ ಪುಡಿನೇ, ಯಾಕೆ ಅಂತ ಮುಂದೆ ಹೇಳ್ತೀನಿ.

1. ರೂಮು ಅಳೀರಿ, ಸೆಂಟಿಮೀಟರಲ್ಲೇ ಬರ್ಕೊಳ್ಳಿ

ನಾವು ಮನೇನ ಅಡಿ ಲೆಕ್ಕದಲ್ಲಿ ಮಾತಾಡ್ತೀವಿ, ಹತ್ತು ಬೈ ಹನ್ನೆರಡು ರೂಮು ಅಂತ. ಆದ್ರೆ ಇಂಥ ಅಂಗಡಿಗಳ ಟ್ಯಾಗಲ್ಲಿ ಇರೋದು ಸೆಂಟಿಮೀಟರ್. ಒಂದು ಅಡಿಗೆ 30.48, ಒಂದು ಇಂಚಿಗೆ 2.54. ಅಂಗಡಿ ಮಧ್ಯೆ ನಿಂತು ಈ ಗುಣಾಕಾರ ಮಾಡೋಕೆ ಹೋಗ್ಬೇಡಿ, ಅಲ್ಲೇ ತಪ್ಪಾಗೋದು. ಟೇಪಲ್ಲಿ ಎರಡೂ ಇರತ್ತೆ, ಮನೇಲೇ ಸೆಂಟಿಮೀಟರ್ ಕಡೆ ನೋಡಿ ಬರೀರಿ.

ಗೋಡೆಯಿಂದ ಗೋಡೆಗೆ ಅಳೆದ್ರೆ ಮುಗೀತು ಅಂದ್ಕೋಬೇಡಿ. ಗೋಡೆ ಕೆಳಗಡೆ ಟೈಲ್ಸ್ ಪಟ್ಟಿ ಇರತ್ತಲ್ಲ, ಸ್ಕರ್ಟಿಂಗ್ ಅಂತಾರೆ, ಅದು ಒಂದು ಸೆಂಟಿಮೀಟರಿನಷ್ಟು ಆಚೆ ಬಂದಿರತ್ತೆ, ಬೀರು ಗೋಡೆಗೆ ಅಂಟಿ ಕೂರದೇ ಇರೋದು ಅದ್ರಿಂದ್ಲೇ. ಕಿಟಕಿ ನೆಲದಿಂದ ಎಷ್ಟು ಎತ್ತರ, ಕಿಟಕಿ ಬಾಗಿಲು ಒಳಗೆ ತೆರೆಯತ್ತಾ, ಸ್ವಿಚ್ ಬೋರ್ಡು ಎಲ್ಲಿ, ಏಸಿ ಪಾಯಿಂಟು ಎಲ್ಲಿ, ಸಜ್ಜೆ ಎಷ್ಟು ಕೆಳಗೆ ಬಂದಿದೆ, ಫಾಲ್ಸ್ ಸೀಲಿಂಗ್ ಇದ್ರೆ ಅದರ ಎತ್ತರ ಎಷ್ಟು, ಇಷ್ಟೂ ಬರ್ಕೊಳ್ಳಿ. ರೂಮಿನ ನಾಲ್ಕೂ ಗೋಡೆದು ಒಂದೊಂದು ಫೋಟೋ ತೆಗೆದಿಡಿ. ಅಲ್ಲಿ ಹೋದ್ಮೇಲೆ "ನಮ್ಮನೆ ಕಿಟಕಿ ಇಷ್ಟಿದೆ ಅಲ್ವಾ" ಅಂತ ಗಂಡ ಹೆಂಡತಿ ಕೈಯಲ್ಲಿ ಅಳತೆ ತೋರಿಸ್ಕೊಂಡು ನಿಂತಿರೋರು ಬೇಜಾನ್ ಜನ, ಆ ಕೈ ಅಳತೆ ಯಾವತ್ತೂ ಸರಿ ಬರಲ್ಲ.

ಎತ್ತರದ ಬಗ್ಗೆ ಇನ್ನೊಂದು ಮಾತು, ಇದು ಬಹಳ ಜನಕ್ಕೆ ಗೊತ್ತಿರಲ್ಲ. ಬೀರುನ ನೆಲದ ಮೇಲೆ ಮಲಗಿಸಿ ಜೋಡಿಸಿ ಆಮೇಲೆ ಎತ್ತಿ ನಿಲ್ಲಿಸ್ತೀರಾ ಅಂತಿಟ್ಕೊಳ್ಳಿ, ನಿಲ್ಲಿಸೋವಾಗ ಅದರ ಮೂಲೆ ಬೀರುವಿನ ಎತ್ತರಕ್ಕಿಂತ ಮೇಲೆ ಹೋಗತ್ತೆ. 236 ಸೆಂ.ಮೀ. ಎತ್ತರ, 58 ಸೆಂ.ಮೀ. ಆಳದ ಬೀರು ಆದ್ರೆ ಮೂಲೆಯಿಂದ ಮೂಲೆಗೆ 243 ಸೆಂ.ಮೀ. ಬರತ್ತೆ. ಎಂಟು ಅಡಿ ಸೀಲಿಂಗ್ ಅಂದ್ರೆ 244. ಒಂದು ಸೆಂಟಿಮೀಟರಲ್ಲಿ ಬಚಾವ್, ಅದೂ ಸೀಲಿಂಗಲ್ಲಿ ಲೈಟು, ಫ್ಯಾನು ಏನೂ ಅಡ್ಡ ಇಲ್ದೇ ಇದ್ರೆ. ಅದೇ 201 ಎತ್ತರದ್ದಾದ್ರೆ ಮೂಲೆಯಿಂದ ಮೂಲೆಗೆ 209, ಆರಾಮಾಗಿ ನಿಲ್ಲತ್ತೆ. ಫಾಲ್ಸ್ ಸೀಲಿಂಗ್ ಮಾಡಿಸಿರೋ ಫ್ಲ್ಯಾಟ್‌ನವರು ಇದನ್ನ ಮರೀಲೇಬೇಡಿ.

2. ದಾರಿ ಅಳೀರಿ

ರೂಮಲ್ಲಿ ಜಾಗ ಇದ್ರೆ ಸಾಲ್ದು, ಸಾಮಾನು ರೂಮಿನವರೆಗೂ ಬರ್ಬೇಕಲ್ಲ. ಗೇಟು, ಮೆಟ್ಟಿಲಿನ ಅಗಲ, ಮೆಟ್ಟಿಲು ತಿರುಗೋ ಕಡೆ ಇರೋ ಜಾಗ, ಲಿಫ್ಟಿನ ಬಾಗಿಲು, ಲಿಫ್ಟ್ ಒಳಗಿನ ಆಳ ಮತ್ತೆ ಎತ್ತರ, ಮುಂಬಾಗಿಲು, ಆಮೇಲೆ ರೂಮಿನ ಬಾಗಿಲು, ಹೀಗೆ ಕೆಳಗಿಂದ ಮೇಲಿನವರೆಗೂ ಟೇಪು ಹಿಡ್ಕೊಂಡು ಒಂದ್ಸಲ ನಡೀರಿ. ಬಾಗಿಲು ಅಳೆಯೋವಾಗ ಚೌಕಟ್ಟು ಬಿಟ್ಟು ಒಳಗಿನ ಖಾಲಿ ಜಾಗ ಅಳೀರಿ, ತೆರೆದಿರೋ ಬಾಗಿಲಿನ ದಪ್ಪಾನೂ ಸ್ವಲ್ಪ ಜಾಗ ತಿನ್ನತ್ತೆ.

ಬಾಕ್ಸಲ್ಲಿ ಬಿಡಿ ಬಿಡಿಯಾಗಿ ಬರೋ ಬೀರು, ಟೇಬಲ್ಲಿಗೆ ಇಷ್ಟು ತೊಂದರೆ ಇಲ್ಲ, ಅವು ಚಪ್ಪಟೆ ಬಾಕ್ಸು. ತೊಂದರೆ ಕೊಡೋದು ಸೋಫಾ. ನಮ್ಮನೇಲೇ ಒಂದ್ಸಲ ಮೂರು ಸೀಟಿನ ಸೋಫಾ ಎರಡನೇ ಮಹಡಿ ತಿರುವಲ್ಲಿ ಸಿಕ್ಕಾಕೊಂಡು ರಾತ್ರಿ ಒಂಬತ್ತರವರೆಗೂ ಅಲ್ಲೇ ಇತ್ತು, ಮೇಲಿನ ಮನೆಯ ಅಜ್ಜಿ ಇಳಿಯೋಕೆ ಆಗ್ದೆ ಕಾಯ್ತಾ ನಿಂತಿದ್ರು, ತಿರುವಿನ ಅಳತೆ ತಗೊಳ್ದೇ ಇದ್ದಿದ್ದು ನಾನೇ. ಆವತ್ತಿಂದ ಸೋಫಾ ಅಂದ್ರೆ ಮೂರು ಪ್ರಶ್ನೆ ಕೇಳ್ತೀನಿ: ಕಾಲು ಬಿಚ್ಚೋಕೆ ಬರತ್ತಾ, ಕೈ ಮತ್ತೆ ಬೆನ್ನು ಬಿಡಿಯಾಗಿ ಬರತ್ತಾ, ಎತ್ತರ ಮತ್ತೆ ಆಳ ಎರಡರಲ್ಲಿ ಕಮ್ಮಿ ಯಾವ್ದು. ಆ ಕಮ್ಮಿ ಅಳತೆ ನಿಮ್ಮ ಬಾಗಿಲಿಗಿಂತ ನಾಲ್ಕೈದು ಸೆಂಟಿಮೀಟರ್ ಆದ್ರೂ ಚಿಕ್ಕದಿರ್ಬೇಕು, ಹಿಡಿದಿರೋರ ಬೆರಳಿಗೂ ಜಾಗ ಬೇಕಲ್ಲ.

ಅಪಾರ್ಟ್‌ಮೆಂಟಲ್ಲಿ ಇರೋವ್ರು ಸೆಕ್ಯೂರಿಟಿ ಹತ್ರ ಅಥವಾ ಅಸೋಸಿಯೇಷನ್‌ನವರ ಹತ್ರ ಮೊದ್ಲೇ ಕೇಳಿ, ಲಿಫ್ಟಲ್ಲಿ ಸಾಮಾನು ಸಾಗಿಸೋಕೆ ಟೈಮ್ ಇಟ್ಟಿದ್ದಾರಾ, ಭಾನುವಾರ ಬಿಡ್ತಾರಾ ಅಂತ. ಗಾಡಿ ಬಂದು ಕೆಳಗೆ ನಿಂತಮೇಲೆ ಕೇಳಿದ್ರೆ ಜಗಳ ಆಗತ್ತೆ.

3. ರಂಗೋಲಿ ಪುಡಿ ಹಾಕಿ ನೋಡಿ

ನನ್ನ ಪ್ರಕಾರ ಇಡೀ ಲೇಖನದಲ್ಲಿ ಜಾಸ್ತಿ ಉಪಯೋಗಕ್ಕೆ ಬರೋದು ಇದೇ. ತಗೋಬೇಕು ಅಂದ್ಕೊಂಡಿರೋ ಸೋಫಾ ಅಥವಾ ಮಂಚದ ಅಳತೆ ವೆಬ್‌ಸೈಟಲ್ಲಿ ಇರತ್ತೆ, ಆ ಅಳತೆಗೆ ನೆಲದ ಮೇಲೆ ರಂಗೋಲಿ ಪುಡಿಯಲ್ಲಿ ಗೆರೆ ಎಳೀರಿ, ಪುಡಿ ಬೇಡ ಅಂದ್ರೆ ಹಳೇ ಪೇಪರ್ ಹಾಸಿ. ಎರಡು ದಿನ ಆ ಗೆರೆ ತುಳೀದೆ ಮನೇಲಿ ಓಡಾಡಿ. ಅಡುಗೆ ಮನೆಯಿಂದ ತಟ್ಟೆ ಹಿಡ್ಕೊಂಡು ಬರೋವಾಗ, ಬೆಳಗ್ಗೆ ಕಸ ಗುಡಿಸೋವಾಗ, ಬಾಲ್ಕನಿಗೆ ಬಟ್ಟೆ ಒಣಗಿಸೋಕೆ ಹೋಗೋವಾಗ ಎಲ್ಲಿ ಅಡ್ಡ ಬರತ್ತೆ ಅಂತ ತಾನಾಗೇ ಗೊತ್ತಾಗತ್ತೆ. ಅಂಗಡಿಯಲ್ಲಿ ಚಾವಣಿ ಎತ್ತರ, ಜಾಗ ವಿಶಾಲ, ಅಲ್ಲಿ ದೊಡ್ಡ ಎಲ್ ಶೇಪ್ ಸೋಫಾ ಕೂಡ ಚಿಕ್ಕದಾಗೇ ಕಾಣತ್ತೆ. ಮನೆಗೆ ಬಂದ್ಮೇಲೆ ಹಾಲ್ ಪೂರ್ತಿ ಅದೇ ಆಗೋಗತ್ತೆ. ರಂಗೋಲಿ ಗೆರೆ ಆ ಮೋಸಕ್ಕೆ ಬೀಳೋಕೆ ಬಿಡಲ್ಲ.

ಲೆಕ್ಕಕ್ಕೆ ಕೆಲವು ಅಂದಾಜು ಇಟ್ಕೊಳ್ಳಿ. ಮಂಚದ ಪಕ್ಕ ನಡೆಯೋಕೆ 60 ಸೆಂ.ಮೀ. ಆದ್ರೂ ಬಿಡಿ, ಊಟದ ಟೇಬಲ್ಲಿನ ಕುರ್ಚಿ ಹಿಂದೆ ಎಳೆದು ಎದ್ದು ಬರೋಕೆ 75ರಿಂದ 90, ಬಾಗಿಲು ತೆರೆಯೋ ಬೀರುವಿನ ಮುಂದೆ 90ರ ಹತ್ತಿರ. ಅಷ್ಟು ಇಲ್ಲ ಅಂದ್ರೆ ಜಾರೋ ಬಾಗಿಲಿನ ಬೀರು ನೋಡಿ.

4. ಪಟ್ಟಿ ಮಾಡಿ, ದುಡ್ಡಿನ ಲೆಕ್ಕ ಪೂರ್ತಿ ಹಾಕಿ

ಪಟ್ಟಿಯಲ್ಲಿ ಎರಡು ಭಾಗ ಮಾಡಿ, ಇಲ್ದೇ ಇದ್ರೆ ಜೀವನ ನಡೆಯಲ್ಲ ಅನ್ನೋದು ಒಂದು ಕಡೆ, ಇದ್ರೆ ಚೆನ್ನಾಗಿರತ್ತೆ ಅನ್ನೋದು ಇನ್ನೊಂದು ಕಡೆ. ಮೊದಲ ಭೇಟಿಗೆ ಮೊದಲ ಭಾಗದಿಂದ ಮೂರೇ ಐಟಂ ಆರಿಸ್ಕೊಳ್ಳಿ. ಮೂರಕ್ಕಿಂತ ಜಾಸ್ತಿ ಆದ್ರೆ ಗಮನ ಚೆದುರತ್ತೆ. ಆ ಮೂರನ್ನೂ ಅಂಗಡಿಯ ಆ್ಯಪಲ್ಲೋ ವೆಬ್‌ಸೈಟಲ್ಲೋ ಹುಡುಕಿ ಐಟಂ ನಂಬರ್ ಬರ್ಕೊಳ್ಳಿ, ಐಕಿಯಾದಲ್ಲಿ ಇದು ಎಂಟು ಅಂಕಿದು, ಹೆಸರು ಉಚ್ಚಾರಣೆ ಮಾಡೋಕೆ ಕಷ್ಟ ಆದ್ರೂ ನಂಬರ್ ತೋರಿಸಿದ್ರೆ ಸಾಕು. ಸ್ಟಾಕ್ ಇದೆಯಾ ಅಂತಾನೂ ಹೊರಡೋ ದಿನ ಬೆಳಗ್ಗೆ ನೋಡ್ಬಿಡಿ.

ದುಡ್ಡಿನ ವಿಷಯದಲ್ಲಿ ಜನ ಎಡವೋದು ಇಲ್ಲೇ. ಟ್ಯಾಗಲ್ಲಿ ಇರೋ ಬೆಲೆ ಎಷ್ಟೋ ಸಲ ಆ ಒಂದು ಭಾಗದ್ದು. ಎಷ್ಟೋ ಮಾದರಿ ಮಂಚಕ್ಕೆ ಹಾಸಿಗೆ ಕೆಳಗಿನ ಮರದ ಪಟ್ಟಿ ಬೇರೆ, ಹಾಸಿಗೆ ಅಂತೂ ಬೇರೇನೇ. ಬೀರುವಿಗೆ ಚೌಕಟ್ಟು, ಬಾಗಿಲು, ಹಿಡಿ, ಒಳಗಿನ ಡ್ರಾಯರ್ ಎಲ್ಲಾ ಬಿಡಿ ಬಿಡಿ. ಅದ್ರ ಮೇಲೆ ಸಾಗಾಣಿಕೆ, ಜೋಡಿಸೋರ ಕೂಲಿ. ಶೋರೂಮಲ್ಲಿ ಪೂರ್ತಿ ಜೋಡಿಸಿಟ್ಟಿರೋದರ ಪಕ್ಕದಲ್ಲಿ, ನೀವು ನೋಡ್ತಿರೋ ಹಾಗೇ ಎಲ್ಲಾ ಸೇರಿ ಎಷ್ಟು ಅನ್ನೋದೂ ಸಾಮಾನ್ಯವಾಗಿ ಬರೆದಿರತ್ತೆ, ಅದನ್ನ ಹುಡುಕಿ ಓದಿ.

ಗೃಹಪ್ರವೇಶಕ್ಕೆ ಅಂತ ತಗೊಳ್ಳೋರಿಗೆ: ಹಾಲುಕ್ಕಿಸೋ ದಿನದ ಹಿಂದಿನ ದಿನ ಡೆಲಿವರಿ ಇಟ್ಕೋಬೇಡಿ. ಒಂದು ಬಾಕ್ಸ್ ಬರ್ದೇ ಇದ್ರೂ ಮನೆ ತುಂಬಾ ನೆಂಟರು, ಅರ್ಧ ಮಂಚ. ಎರಡು ವಾರ ಮುಂಚೆನೇ ತರಿಸಿ ಜೋಡಿಸಿಡಿ.

5. ಯಾವಾಗ, ಹೇಗೆ, ಯಾರ ಜೊತೆ

ವಾರದ ದಿನ ಬೆಳಗ್ಗೆ ಬಾಗಿಲು ತೆಗೆಯೋ ಹೊತ್ತಿಗೆ ಹೋಗಿ. ಅರ್ಧ ದಿನ ರಜೆ ಹಾಕಿದ್ರೂ ಲಾಭವೇ. ಶನಿವಾರ ಭಾನುವಾರ, ಆಯುಧಪೂಜೆ, ದೀಪಾವಳಿ ವಾರ ಬೇಡವೇ ಬೇಡ.

ನಾಗಸಂದ್ರಕ್ಕಾದ್ರೆ ಮೊದಲ ಭೇಟಿಗೆ ಮೆಟ್ರೋನೇ ಒಳ್ಳೇದು, ಅಂಗಡಿ ಸ್ಟೇಷನ್ ಪಕ್ಕದಲ್ಲೇ ಇದೆ, ತುಮಕೂರು ರಸ್ತೆ ಟ್ರಾಫಿಕ್ಕಲ್ಲಿ ಕೂರೋದು ತಪ್ಪತ್ತೆ. ಇದು ಹಸಿರು ಮಾರ್ಗದಲ್ಲಿದೆ, ನೇರಳೆ ಮಾರ್ಗದಿಂದ ಬರೋವ್ರು ಮೆಜೆಸ್ಟಿಕಲ್ಲಿ ಬದಲಾಯಿಸ್ಬೇಕು. ನೆನಪಿರ್ಲಿ, ಮೊದ್ಲು ನಾಗಸಂದ್ರ ಕೊನೇ ಸ್ಟಾಪ್ ಆಗಿತ್ತು, 2024ರ ನವೆಂಬರಿಂದ ರೈಲು ಮಾದಾವರದವರೆಗೂ ಹೋಗತ್ತೆ, ಹಳೇ ಲೆಕ್ಕದಲ್ಲಿ ಕೂತಿದ್ರೆ ಮುಂದೆ ಹೋಗ್ಬಿಡ್ತೀರಿ. ಮೆಟ್ರೋದಲ್ಲಿ ಬಂದ್ರೆ ಇನ್ನೊಂದು ಉಪಯೋಗ ಇದೆ, ಕಾರ್ ಡಿಕ್ಕಿ ಇಲ್ದೇ ಇದ್ದಾಗ ಕೈಗೆ ಸಿಕ್ಕಿದ್ದೆಲ್ಲಾ ಗಾಡಿಗೆ ಹಾಕೋ ಮನಸ್ಸು ಬರಲ್ಲ.

ಚಿಕ್ಕ ಮಕ್ಕಳನ್ನ ಮೊದಲ ಸಲ ಅಜ್ಜಿ ಮನೇಲಿ ಬಿಟ್ಟು ಹೋಗೋಕೆ ಆದ್ರೆ ಬಿಟ್ಟು ಹೋಗಿ. ಕರ್ಕೊಂಡು ಹೋಗ್ಲೇಬೇಕು ಅಂದ್ರೆ ಮಕ್ಕಳ ಆಟದ ಜಾಗದ ವಯಸ್ಸು, ಎತ್ತರದ ನಿಯಮ ಬಾಗಿಲಲ್ಲೇ ಕೇಳಿ. ಅಪ್ಪ ಅಮ್ಮನನ್ನ, ಅತ್ತೆ ಮಾವನನ್ನ ಕರ್ಕೊಂಡು ಹೋಗೋವ್ರು ಗಾಲಿಕುರ್ಚಿ ಸಿಗತ್ತಾ ಅಂತ ವಿಚಾರಿಸಿ, ಒಂದೂವರೆ ಎರಡು ಕಿಲೋಮೀಟರ್ ನಡೆದಂಗೆ ಆಗತ್ತೆ, ಮಂಡಿ ನೋವಿರೋರಿಗೆ ಇದು ನಿಜವಾಗ್ಲೂ ಕಷ್ಟ. ಹಾಗಂತ ಅವರನ್ನ ಬಿಟ್ಟು ಹೋಗಿ ಅಂತ ಹೇಳ್ತಿಲ್ಲ. ಸೋಫಾದಲ್ಲಿ ದಿನಾ ಕೂರೋರು ಅವರೇ ಆದ್ರೆ ಅವರೇ ಕೂತು ನೋಡ್ಬೇಕು. ನಮಗೆ ಸುಖ ಅನ್ನಿಸೋ ತಗ್ಗಿನ ಮೆತ್ತನೆ ಸೋಫಾದಿಂದ ಎಪ್ಪತ್ತು ವರ್ಷದೋರಿಗೆ ಏಳೋಕೇ ಆಗಲ್ಲ.

6. ಒಳಗೆ ಹೋದ್ಮೇಲೆ

ಐಕಿಯಾ ಥರದ ಅಂಗಡಿಯ ಒಳಗಿನ ಕ್ರಮ ಇದು: ಮೊದ್ಲು ಶೋರೂಮು, ಅಲ್ಲಿ ಮನೆ ಥರಾನೇ ರೂಮುಗಳನ್ನ ಜೋಡಿಸಿಟ್ಟಿರ್ತಾರೆ. ಆಮೇಲೆ ಪಾತ್ರೆ, ಪರದೆ, ದೀಪ ಇರೋ ಸಣ್ಣ ಸಾಮಾನಿನ ಭಾಗ. ಅದಾದ್ಮೇಲೆ ಗೋಡೌನು, ಬಾಕ್ಸುಗಳನ್ನ ನೀವೇ ಎತ್ಕೊಳ್ಳೋ ಜಾಗ. ಕೊನೇಲಿ ಬಿಲ್ ಕೌಂಟರ್. ನೆಲದ ಮೇಲೆ ಬಾಣ ಇರತ್ತೆ, ದಾರಿ ಒಂದೇ ದಿಕ್ಕಿಗೆ ಸುತ್ಕೊಂಡು ಹೋಗತ್ತೆ. ಆದ್ರೆ ಒಂದು ಭಾಗದಿಂದ ಇನ್ನೊಂದಕ್ಕೆ ಶಾರ್ಟ್‌ಕಟ್ ಇರತ್ತೆ, ಗೋಡೆ ಮೇಲಿನ ನಕ್ಷೆಯಲ್ಲಿ ಹುಡುಕಿ. ಸೋಫಾ ಮಾತ್ರ ಬೇಕು ಅಂದ್ರೆ ಅಡುಗೆಮನೆ ವಿಭಾಗ ಪೂರ್ತಿ ಸುತ್ತೋ ಅಗತ್ಯ ಇಲ್ಲ.

ಬಾಗಿಲಲ್ಲಿ ಸಿಗೋ ಹಳದಿ ಬ್ಯಾಗು ಒಳಗೆ ಬಳಸೋಕೆ ಮಾತ್ರ, ಮನೆಗೆ ತಗೊಂಡು ಹೋಗೋ ನೀಲಿ ಬ್ಯಾಗಿಗೆ ದುಡ್ಡು. ಶೋರೂಮಲ್ಲಿ ಬ್ಯಾಗು ತುಂಬಿಸೋಕೆ ಶುರು ಮಾಡ್ಬೇಡಿ. ನಿಮ್ಮ ಮೂರು ಐಟಂ ಇರೋ ಕಡೆ ನೇರ ಹೋಗಿ, ಸೋಫಾ ಮೇಲೆ ಹತ್ತು ನಿಮಿಷ ಕೂತ್ಕೊಳ್ಳಿ, ಬೆನ್ನು ಒರಗಿಸಿ, ಕಾಲು ಮಡಚಿ, ಮನೇಲಿ ಹೇಗೆ ಕೂರ್ತೀರೋ ಹಾಗೆ, ಸಂಕೋಚ ಬೇಡ, ಅದಕ್ಕೇ ಇಟ್ಟಿರೋದು. ಡ್ರಾಯರ್ ಎಳೆದು ನೋಡಿ, ಬೀರು ಬಾಗಿಲು ನಾಲ್ಕು ಸಲ ತೆರೆದು ಮುಚ್ಚಿ, ಟೇಬಲ್ಲು ಅಲ್ಲಾಡಿಸಿ. ಮಧ್ಯೆ ಹಸಿವಾದ್ರೆ ತಿಂದ್ಕೊಂಡೇ ಮುಂದೆ ಹೋಗಿ, ಹಸಿದಾಗ ತೀರ್ಮಾನ ತಗೋಬೇಡಿ.

ಇಷ್ಟಾದ್ಮೇಲೆ ನನ್ನ ಗಟ್ಟಿ ಅಭಿಪ್ರಾಯ: ಮೊದಲ ದಿನ ದೊಡ್ಡ ಸಾಮಾನಿಗೆ ಬಿಲ್ ಮಾಡಿಸ್ಬೇಡಿ. ಟ್ಯಾಗಿನ ಫೋಟೋ ತಗೊಂಡು ಮನೆಗೆ ಬನ್ನಿ, ರಂಗೋಲಿ ಗೆರೆ ಇನ್ನೊಂದ್ಸಲ ನೋಡಿ, ಒಂದು ರಾತ್ರಿ ಮಲಗಿ ಎದ್ದು ಯೋಚನೆ ಮಾಡಿ, ಆಮೇಲೆ ಆನ್‌ಲೈನಲ್ಲಿ ಆರ್ಡರ್ ಹಾಕಿ ಅಥವಾ ಎರಡನೇ ಸಲ ಹೋಗಿ. ಖಾಲಿ ಕೈಯಲ್ಲಿ ಬಂದ್ವಲ್ಲ ಅಂತ ಬೇಜಾರು ಮಾಡ್ಕೋಬೇಡಿ, ನೀವು ಅಲ್ಲಿಗೆ ಹೋಗಿದ್ದೇ ಕೂತು, ಮುಟ್ಟಿ, ತಿಳ್ಕೊಳ್ಳೋಕೆ. ದೂರದೂರಿಂದ ಬಂದಿರೋರಿಗೆ ಇದು ಆಗಲ್ಲ ಅಂತ ಗೊತ್ತು, ಹಾಸನದಿಂದ ತುಮಕೂರಿಂದ ಗಾಡಿ ಮಾಡ್ಕೊಂಡು ಬಂದಿರ್ತೀರಿ, ಅಂಥವ್ರು ಮೇಲಿನ ಒಂದರಿಂದ ಮೂರು ಹಂತಾನ ಇನ್ನೂ ಜಾಗ್ರತೆಯಿಂದ ಮಾಡಿ.

7. ಟ್ಯಾಗಲ್ಲಿ ಮಾಲು ಯಾವ್ದು ಅಂತ ಓದಿ

ಹೊಳಪು ನೋಡಿ ಮರ ಅಂದ್ಕೊಂಡು ತಗೊಂಡು ಆಮೇಲೆ ಬೇಜಾರಾದವ್ರು ತುಂಬಾ ಜನ. ಈ ನಾಲ್ಕು ಹೆಸರು ಗೊತ್ತಿದ್ರೆ ಸಾಕು.

ಪಾರ್ಟಿಕಲ್ ಬೋರ್ಡ್ ಅಂದ್ರೆ ಮರದ ಸಣ್ಣ ಚೂರುಗಳನ್ನ ಅಂಟು ಹಾಕಿ ಒತ್ತಿರೋದು. ಬೆಲೆ ಕಮ್ಮಿ, ನೇರವಾಗಿರತ್ತೆ, ಆದ್ರೆ ನೀರು ಕುಡಿದ್ರೆ ಉಬ್ಬತ್ತೆ, ಉಬ್ಬಿದ್ದು ವಾಪಸ್ ಇಳಿಯಲ್ಲ. ಒಂದೇ ತೂತಿಗೆ ಪದೇ ಪದೇ ಸ್ಕ್ರೂ ಹಾಕಿ ತೆಗೆದ್ರೆ ತೂತು ಸಡಿಲ ಆಗತ್ತೆ, ಹಾಗಾಗಿ ಎರಡು ವರ್ಷಕ್ಕೊಮ್ಮೆ ಮನೆ ಬದಲಾಯಿಸೋರು ಯೋಚನೆ ಮಾಡಿ. ಎಂಡಿಎಫ್ ಅಂದ್ರೆ ಇನ್ನೂ ನುಣ್ಣಗೆ ಪುಡಿ ಮಾಡಿದ ಮರದ ನಾರು, ಪೇಂಟ್ ಮಾಡೋಕೆ ಚೆನ್ನ, ನೀರಿಗೆ ಇದೂ ಹೆದರತ್ತೆ. ಪ್ಲೈವುಡ್ಡು ತೆಳು ಮರದ ಹಾಳೆಗಳನ್ನ ಒಂದಕ್ಕೊಂದು ಅಡ್ಡಡ್ಡ ಅಂಟಿಸಿರೋದು, ಸ್ಕ್ರೂ ಗಟ್ಟಿಯಾಗಿ ಹಿಡಿಯತ್ತೆ, ನೀರು ತಡೆಯೋ ದರ್ಜೆದು ಬೇಕು ಅಂದ್ರೆ ಐಎಸ್ 710 ಅಂತ ಮುದ್ರೆ ಇರೋ ಮರೀನ್ ಪ್ಲೈ ಕೇಳಿ. ಸಾಲಿಡ್ ವುಡ್ ಅಂದ್ರೆ ನಿಜವಾದ ಮರ, ಆದ್ರೆ ನಮ್ಮಜ್ಜನ ಕಾಲದ ತೇಗ, ಬೀಟೆ, ಹೊನ್ನೆ ಅಂದ್ಕೋಬೇಡಿ, ಪೈನ್ ಅಥವಾ ರಬ್ಬರ್ ಮರ ಇರ್ಬಹುದು, ಯಾವ ಮರ ಅಂತ ಓದಿ.

ಇನ್ನೆರಡು ಪದ: ಲ್ಯಾಮಿನೇಟ್ ಅಥವಾ ಫಾಯಿಲ್ ಅಂದ್ರೆ ಮೇಲೆ ಅಂಟಿಸಿರೋ ಪ್ರಿಂಟ್ ಹಾಳೆ, ವೆನೀರ್ ಅಂದ್ರೆ ನಿಜವಾದ ಮರದ ತೆಳು ಪದರ. ಎರಡರ ಒಳಗೂ ಪಾರ್ಟಿಕಲ್ ಬೋರ್ಡ್ ಇರ್ಬಹುದು.

ಯಾವ್ದು ಕೆಟ್ಟದ್ದು ಅಂತ ಅಲ್ಲ, ಎಲ್ಲಿ ಇಡ್ತೀರಿ ಅನ್ನೋದು ಮುಖ್ಯ. ಬೆಂಗಳೂರಿನ ಒಣ ರೂಮಲ್ಲಿ ಪುಸ್ತಕದ ಶೆಲ್ಫ್‌ಗೆ ಪಾರ್ಟಿಕಲ್ ಬೋರ್ಡ್ ನಡೆಯತ್ತೆ. ಅದೇ ಮಂಗಳೂರು, ಉಡುಪಿ, ಮಡಿಕೇರಿ, ತೀರ್ಥಹಳ್ಳಿ ಕಡೆ ಮಳೆಗಾಲದ ತೇವಕ್ಕೆ ನಾನಾದ್ರೆ ತಗೊಳ್ಳಲ್ಲ. ನೆಲಕ್ಕೆ ಅಂಟಿ ಕೂರೋ ಸಾಮಾನಿಗಿಂತ ಕಾಲಿರೋದು ವಾಸಿ, ನಮ್ಮ ಮನೆಗಳಲ್ಲಿ ದಿನಾ ನೀರು ಹಾಕಿ ಒರೆಸ್ತೀವಿ, ಆ ನೀರು ಕೆಳಗಿನ ಅಂಚಿಗೆ ಹೋಗಿ ಅಲ್ಲಿಂದ್ಲೇ ಹಾಳಾಗೋಕೆ ಶುರು. ಗೆದ್ದಲು ಇರೋ ಮನೆಯಾದ್ರೆ ಮೊದ್ಲು ಗೆದ್ದಲಿಗೆ ಔಷಧಿ, ಆಮೇಲೆ ಫರ್ನಿಚರ್.

8. ಮಂಚ ಮತ್ತೆ ಹಾಸಿಗೆ, ಇಲ್ಲಿ ಒಂದು ನಿಮಿಷ ನಿಲ್ಲಿ

ಈ ತಪ್ಪು ಎಷ್ಟು ಜನ ಮಾಡ್ತಾರೆ ಅಂದ್ರೆ ಇದಕ್ಕೇ ಒಂದು ನಂಬರ್ ಕೊಟ್ಟಿದ್ದೀನಿ. ನಮ್ಮಲ್ಲಿ ಮಾರೋ ಕಿಂಗ್ ಸೈಜ್ ಹಾಸಿಗೆ ಸಾಮಾನ್ಯವಾಗಿ 72 ಇಂಚು ಅಗಲ, 78 ಇಂಚು ಉದ್ದ, ಅಂದ್ರೆ 183 ಮತ್ತು 198 ಸೆಂ.ಮೀ. ಯುರೋಪ್ ಅಳತೆಯ ದೊಡ್ಡ ಮಂಚ 180 ಅಗಲ, 200 ಉದ್ದ. ಹಳೇ ಹಾಸಿಗೆ ಚೆನ್ನಾಗಿದೆ, ಮಂಚ ಮಾತ್ರ ತಗೊಳ್ಳೋಣ ಅಂತ ತಂದ್ರೆ ಮೂರು ಸೆಂಟಿಮೀಟರ್ ಜಾಸ್ತಿ ಆಗಿ ಹಾಸಿಗೆ ಒಳಗೆ ಕೂರಲ್ಲ, ಅಂಚು ಮೇಲೆದ್ದು ನಿಲ್ಲತ್ತೆ. ಕ್ವೀನ್ ಸೈಜಲ್ಲಿ ಉಲ್ಟಾ, 60 ಇಂಚಿನ ಹಾಸಿಗೆ 152 ಸೆಂ.ಮೀ., ಮಂಚ 160, ಪಕ್ಕದಲ್ಲಿ ಎಂಟು ಸೆಂಟಿಮೀಟರ್ ಸಂದಿ ಉಳಿಯತ್ತೆ, ಫೋನು, ಮಗುವಿನ ಕೈ ಎಲ್ಲಾ ಅದ್ರೊಳಗೆ. ಹಾಗಾಗಿ ಮಂಚ, ಹಾಸಿಗೆ ಎರಡೂ ಒಂದೇ ಅಳತೆ ಪದ್ಧತಿಯಲ್ಲಿ ತಗೊಳ್ಳಿ, ಸ್ಥಿತಿಸ್ಥಾಪಕ ಅಂಚಿನ ಬೆಡ್‌ಶೀಟೂ ಅಷ್ಟೇ. ಹಳೇ ಹಾಸಿಗೆ ಬಿಡೋಕೆ ಮನಸ್ಸಿಲ್ವಾ, ಆಚಾರ್ರ ಹತ್ರ ಆ ಅಳತೆಗೇ ಮಂಚ ಮಾಡಿಸೋದು ಸರಿಯಾದ ದಾರಿ.

9. ಗೋಡೌನು, ಬಿಲ್ಲು, ಗಾಡಿ

ತಗೋಬೇಕು ಅಂತ ತೀರ್ಮಾನ ಆದ್ಮೇಲೆ ಟ್ಯಾಗಲ್ಲಿ ಸಾಲಿನ ನಂಬರ್, ಜಾಗದ ನಂಬರ್ ಎರಡು ಇರತ್ತೆ, ಗೋಡೌನಲ್ಲಿ ಆ ಸಾಲಿಗೆ ಹೋಗಿ ಬಾಕ್ಸ್ ಎತ್ಕೋಬೇಕು. ಒಂದೇ ಬೀರು ಎರಡು ಮೂರು ಬಾಕ್ಸಲ್ಲಿ ಬರತ್ತೆ, ಟ್ಯಾಗಲ್ಲಿ ಎಷ್ಟು ಬಾಕ್ಸ್ ಅಂತ ಓದಿ ಎಣಿಸಿ. ಬಣ್ಣ ಕೂಡ ನೋಡಿ, ಬಿಳಿ ಬೀರು, ಕಂದು ಬೀರು ಎರಡರ ಬಾಕ್ಸೂ ಹೊರಗಿಂದ ಒಂದೇ ಥರ, ನಂಬರ್ ಮಾತ್ರ ಬೇರೆ.

ತೂಕ ಹುಷಾರು. 18 ಎಂ.ಎಂ. ದಪ್ಪದ ಪಾರ್ಟಿಕಲ್ ಬೋರ್ಡು ಒಂದು ಚದರ ಮೀಟರಿಗೆ ಸುಮಾರು 12 ಕೆ.ಜಿ. ತೂಗತ್ತೆ, ಚಪ್ಪಟೆ ಬಾಕ್ಸು ಹಗುರ ಅಂದ್ಕೊಂಡು ಒಬ್ರೇ ಎತ್ತಿ ಸೊಂಟ ಹಿಡಿಸ್ಕೋಬೇಡಿ. ಈ ಚಪ್ಪಟೆ ಬಾಕ್ಸಿನ ಪದ್ಧತಿ ಐಕಿಯಾದಲ್ಲಿ 1956ರಲ್ಲಿ ಶುರುವಾಗಿದ್ದು, ಟೇಬಲ್ಲಿನ ಕಾಲು ಬಿಚ್ಚಿದ್ರೆ ಕಾರಲ್ಲಿ ಹಿಡಿಯತ್ತೆ ಅನ್ನೋ ಲೆಕ್ಕದಲ್ಲಿ. ಆದ್ರೆ ಎಲ್ಲಾ ಬಾಕ್ಸೂ ನಮ್ಮ ಸಣ್ಣ ಕಾರಲ್ಲಿ ಹಿಡಿಯಲ್ಲ. ಎರಡು ಮೀಟರ್ ಉದ್ದದ ಬಾಕ್ಸ್ ಇದ್ರೆ ಟಾಟಾ ಏಸ್ ಥರದ ಗಾಡಿನೇ ಬೇಕು, ಅದರ ಹಿಂಭಾಗ ಸುಮಾರು ಏಳು ಅಡಿ. ಮಳೆಗಾಲ ಆದ್ರೆ ಟಾರ್ಪಾಲ್ ಇದೆಯಾ ಅಂತ ಗಾಡಿಯವ್ರನ್ನ ಮೊದ್ಲೇ ಕೇಳಿ. ಬಾಡಿಗೆ, ಮಹಡಿ ಹತ್ತಿಸೋ ಕೂಲಿ ಎರಡೂ ಲೆಕ್ಕ ಹಾಕಿ ಅಂಗಡಿಯ ಡೆಲಿವರಿ ಚಾರ್ಜಿಗೆ ಹೋಲಿಸಿ ನೋಡಿ, ಎಷ್ಟೋ ಸಲ ಅಂಗಡಿ ಡೆಲಿವರಿನೇ ಅಗ್ಗ ಬೀಳತ್ತೆ.

ಬಿಲ್ ಕೌಂಟರಲ್ಲಿ ನಾಲ್ಕು ವಿಷಯ ಬಾಯಿಬಿಟ್ಟು ಕೇಳಿ: ವಾಪಸ್ ಕೊಡೋಕೆ ಎಷ್ಟು ದಿನ ಟೈಮು, ಬಾಕ್ಸ್ ತೆರೆದಿದ್ರೂ ತಗೋತಾರಾ, ಗ್ಯಾರಂಟಿ ಎಷ್ಟು ವರ್ಷ, ಡೆಲಿವರಿ ಮನೆ ಒಳಗಿನವರೆಗಾ ಅಥವಾ ಗೇಟಿನವರೆಗಾ. ಬಿಲ್ಲು ಶಾಯಿ ಮಾಸೋ ಕಾಗದದಲ್ಲಿದ್ರೆ ಅಲ್ಲೇ ಫೋಟೋ ತಗೊಳ್ಳಿ.

10. ಮನೆಗೆ ಬಂದ್ಮೇಲೆ

ಡೆಲಿವರಿ ಹುಡುಗರು ಹೋಗೋ ಮುಂಚೆ ಬಾಕ್ಸ್ ಎಣಿಸಿ, ಮೂಲೆ ಜಜ್ಜಿದ್ರೆ ಫೋಟೋ ತೆಗೆದು ಅವರ ಕಾಗದದ ಮೇಲೆ ಬರೆದೇ ಸಹಿ ಹಾಕಿ. ಬಾಕ್ಸ್ ತೆರೆಯೋದನ್ನ ಫೋನಲ್ಲಿ ವಿಡಿಯೋ ಮಾಡಿಟ್ಕೊಳ್ಳಿ. ಸ್ಕ್ರೂಗಳನ್ನ ತಟ್ಟೆಗೆ ಸುರಿದು ಪುಸ್ತಕದಲ್ಲಿರೋ ಚಿತ್ರಕ್ಕೆ ಹೋಲಿಸಿ ಎಣಿಸಿ. ಮರದ ಸಣ್ಣ ಗೂಟ ಇರತ್ತೆ, ಅದನ್ನ ಡವೆಲ್ ಅಂತಾರೆ, ಎರಡು ಹಲಗೆ ನೇರ ಕೂರೋಕೆ. ದುಂಡಗಿನ ಲೋಹದ ಬಿಲ್ಲೆ ಕ್ಯಾಮ್ ಲಾಕು, ಅರ್ಧ ಸುತ್ತು ತಿರುಗಿಸಿದ್ರೆ ಹಲಗೆ ಬಿಗಿಯಾಗತ್ತೆ. ಎಲ್ ಆಕಾರದ ಆರು ಮೂಲೆ ಕೀಲಿ ಅಲೆನ್ ಕೀ. ಪೂರ್ತಿ ನಿಲ್ಲಿಸಿ ಮಟ್ಟ ನೋಡೋವರೆಗೂ ಸ್ಕ್ರೂಗಳನ್ನ ಪೂರ್ತಿ ಬಿಗಿ ಮಾಡ್ಬೇಡಿ. ಬ್ಯಾಟರಿ ಡ್ರಿಲ್ಲಲ್ಲಿ ಜೋರಾಗಿ ಬಿಗಿ ಮಾಡಿದ್ರೆ ಪಾರ್ಟಿಕಲ್ ಬೋರ್ಡು ಕಿತ್ತು ಬರತ್ತೆ, ಕೊನೇ ಸುತ್ತು ಕೈಯಲ್ಲೇ ಇರ್ಲಿ.

ಈಗ ಹೇಳೋದನ್ನ ದಯವಿಟ್ಟು ಹಗುರ ಮಾಡ್ಬೇಡಿ. ಬೀರು, ಡ್ರಾಯರ್ ಸ್ಟ್ಯಾಂಡು, ಎತ್ತರದ ಶೆಲ್ಫು, ಇವನ್ನ ಗೋಡೆಗೆ ಬಿಗೀಲೇಬೇಕು. ಬಾಕ್ಸಲ್ಲೇ ಅದಕ್ಕೆ ಪಟ್ಟಿ ಇಟ್ಟಿರ್ತಾರೆ, ತುಂಬಾ ಜನ ಅದನ್ನ ಬಿಸಾಕ್ತಾರೆ. ಮಗು ಡ್ರಾಯರುಗಳನ್ನ ಎಳೆದು ಮೆಟ್ಟಿಲು ಥರ ಹತ್ತಿದ್ರೆ ಇಡೀ ಸ್ಟ್ಯಾಂಡು ಮುಂದಕ್ಕೆ ಬೀಳತ್ತೆ. ಅಮೆರಿಕದಲ್ಲಿ ಹೀಗೆ ಮಕ್ಕಳ ಜೀವ ಹೋದ್ಮೇಲೆ 2016ರಲ್ಲಿ ಐಕಿಯಾ ಅಲ್ಲಿ ಸುಮಾರು 2.9 ಕೋಟಿ ಡ್ರಾಯರ್ ಸ್ಟ್ಯಾಂಡುಗಳನ್ನ ವಾಪಸ್ ಕರೆಸ್ಕೊಳ್ತು. ಗೋಡೆಗೆ ಸ್ಕ್ರೂ, ಪ್ಲಗ್ಗು ಎಷ್ಟೋ ಸಲ ಬಾಕ್ಸಲ್ಲಿ ಬರಲ್ಲ, ಯಾಕಂದ್ರೆ ಇಟ್ಟಿಗೆ ಗೋಡೆಗೆ ಬೇರೆ, ಹಾಲೋ ಬ್ಲಾಕಿಗೆ ಬೇರೆ, ಜಿಪ್ಸಮ್ ಗೋಡೆಗೆ ಬೇರೆ ಬೇಕಾಗತ್ತೆ. ನಿಮ್ಮನೆ ಗೋಡೆ ಯಾವ್ದು ಅಂತ ಹೇಳಿ ಹಾರ್ಡ್‌ವೇರ್ ಅಂಗಡಿಯಲ್ಲಿ ಕೇಳಿ. ಸ್ವಿಚ್ ಬೋರ್ಡಿನ ನೇರ ಮೇಲೆ ಕೆಳಗೆ ಡ್ರಿಲ್ ಮಾಡ್ಬೇಡಿ, ಒಳಗೆ ವೈರ್ ಇರತ್ತೆ. ಬಾಡಿಗೆ ಮನೆಯವ್ರು ಓನರಿಗೆ ಒಂದು ಮಾತು ಹೇಳಿ ಮಾಡಿ. ಎರಡು ತೂತಿಗೆ ಒಪ್ಪದ ಓನರು ಇದ್ರೆ, ಮನೇಲಿ ಚಿಕ್ಕ ಮಕ್ಕಳೂ ಇದ್ರೆ, ಎತ್ತರದ ಡ್ರಾಯರ್ ಸ್ಟ್ಯಾಂಡು ತಗೊಳ್ಳೋದೇ ಬೇಡ, ತಗ್ಗಿನದ್ದು ತಗೊಳ್ಳಿ.

ಒಂದು ಭಾಗ ಕಮ್ಮಿ ಬಂದಿದ್ರೆ ಅಥವಾ ಒಡೆದಿದ್ರೆ ಬಲವಂತವಾಗಿ ಜೋಡಿಸ್ಬೇಡಿ, ಅಲ್ಲಿಗೇ ನಿಲ್ಲಿಸಿ. ಬಿಲ್ ನಂಬರ್, ಫೋಟೋ, ವಿಡಿಯೋ ಇಟ್ಕೊಂಡು ಅಂಗಡಿಗೆ ಬರೀರಿ, ಫೋನಲ್ಲಿ ಮಾತಾಡಿದ್ರೂ ಒಂದು ಇಮೇಲ್ ಹಾಕಿಡಿ, ತಾರೀಕು ಸಾಕ್ಷಿ ಆಗತ್ತೆ. ಯಾರೂ ಉತ್ತರ ಕೊಡ್ತಿಲ್ಲ ಅಂದ್ರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಅದಕ್ಕೂ ಆಗ್ಲಿಲ್ಲ ಅಂದ್ರೆ ನಿಮ್ಮ ಜಿಲ್ಲೆಯ ಗ್ರಾಹಕರ ಆಯೋಗ ಇದೆ, 2019ರ ಕಾಯ್ದೆ ಪ್ರಕಾರ ನೀವು ವಾಸ ಇರೋ ಜಿಲ್ಲೆಯಲ್ಲೇ ದೂರು ಕೊಡ್ಬಹುದು, ಅಂಗಡಿ ಇರೋ ಊರಿಗೆ ಅಲೆಯೋ ಅಗತ್ಯ ಇಲ್ಲ.

ಖಾಲಿ ಬಾಕ್ಸುಗಳನ್ನ ವಾಪಸ್ ಕೊಡೋ ಟೈಮು ಮುಗಿಯೋವರೆಗೂ ಸಜ್ಜೆ ಮೇಲೆ ಹಾಕಿಡಿ, ಅಲೆನ್ ಕೀ ಮತ್ತೆ ಜೋಡಣೆ ಪುಸ್ತಕಾನ ಬಿಲ್ ಜೊತೆ ಒಂದೇ ಕವರಲ್ಲಿ ಇಡಿ, ಮನೆ ಬದಲಾಯಿಸೋವಾಗ ಬಿಚ್ಚೋಕೆ ಬೇಕಾಗತ್ತೆ.